ಅತ್ತೆಯ ಕಿವಿಗೆ ಬಿದ್ದ ಸೊಸೆಯ ರಕ್ತಪರೀಕ್ಷೆ

ಜಿಲ್ಲೆಯ ಆರೋಗ್ಯವನ್ನು ಕೈಯಲ್ಲಿಟ್ಟುಕೊಂಡು ಕುರ್ಚಿಯಲ್ಲಿ ವಿರಾಜಮಾನರಾಗಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಅಧೀನದ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ, ಜನ ಕಿಕ್ಕಿರಿದು ಕೂತಿದ್ದ ಬೆಂಚುಗಳ ಮುಂದೆ, ಮೂರು ತಿಂಗಳ ಬಸುರಿಯೊಬ್ಬಳ ರಕ್ತದಲ್ಲಿ ಏನು ಸಿಕ್ಕಿತೆಂಬುದನ್ನು ಅವಳಿಗೆ ಹೇಳಲಿಲ್ಲ. ಅವಳ ಅತ್ತೆಗೆ ಕೂಗಿ ಹೇಳಿದರು. ಇದೇ ನನ್ನ ದೂರು. ನಾನು ನಾಟಕದವನು ಸ್ವಾಮಿ. ಮೈಕು ಕೆಟ್ಟರೂ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಅಜ್ಜಿಗೆ ಕೇಳುವಂತೆ ಮಾತಾಡಿ ಅಭ್ಯಾಸವಿರುವವನು. ಆದರೂ ಎಲ್ಲಿ ಗುಡುಗಬೇಕು, ಎಲ್ಲಿ ಪಿಸುಗುಟ್ಟಬೇಕು ಎನ್ನುವುದನ್ನು ನಮ್ಮ ಹಾರ್ಮೋನಿಯಂ ಮೇಷ್ಟ್ರು ಬೈದು, ತಿವಿದು ಕಲಿಸಿದ್ದರು. ನಿಮ್ಮ ಸಿಬ್ಬಂದಿಗೆ ಅದನ್ನು ಕಲಿಸುವ ಮೇಷ್ಟ್ರು ನೀವಲ್ಲದೆ ಮತ್ಯಾರು?

ಹುಡುಗಿಯನ್ನು ಚೈತ್ರಾ ಎನ್ನುತ್ತೇನೆ, ಗಂಡನನ್ನು ಮಧುಕುಮಾರ್ ಎನ್ನುತ್ತೇನೆ. ಎರಡೂ ನಿಜವಾದ ಹೆಸರುಗಳಲ್ಲ. ಊರು ಮಾಗಡಿ ಕಡೆಯದೋ ಕನಕಪುರದ ಕಡೆಯದೋ, ಅದನ್ನೂ ಹೇಳುವುದಿಲ್ಲ. ಅವಳು ನನ್ನ ತಂಗಿಯ ಮಗಳು. ಇದನ್ನು ಪತ್ರಿಕೆಯಲ್ಲೇ ಬಹಿರಂಗ ಪತ್ರವಾಗಿ ಬರೆಯಿರಿ ಎಂದು ಹೇಳಿದವಳೂ ಅವಳೇ.

ನಮ್ಮ ಕಡೆ ಒಂದು ರೂಢಿ ಉಂಟು. ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳು ಅತ್ತೆ. ಗಂಡನಾದವನು ಬೈಕಿನಲ್ಲಿ ಗೇಟಿನವರೆಗೆ ಬಿಟ್ಟು, ಟೀ ಅಂಗಡಿಯ ಹತ್ತಿರ ಮೊಬೈಲು ಒತ್ತುತ್ತಾ ನಿಂತಿರುತ್ತಾನೆ. ಹೆಂಗಸರ ಸಾಲಿಗೆ ಗಂಡಸು ಬಂದರೆ ನಗುತ್ತಾರಂತೆ! ನಿಮ್ಮ ಸಿಬ್ಬಂದಿಗೂ ಈ ರೂಢಿ ಬಹಳ ಅನುಕೂಲವಾಗಿದೆ. ಬಸುರಿಯ ದೇಹಕ್ಕೆ ವಾರಸುದಾರಳು ಅತ್ತೆಯೇ ಎಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ. ಚೈತ್ರಾ ಶೌಚಾಲಯಕ್ಕೆ ಹೋಗಿದ್ದಾಗ ನಿಮ್ಮ ಸಿಬ್ಬಂದಿಯೊಬ್ಬಳು ಪಡಸಾಲೆಗೆ ಬಂದು ನಡೆಸಿದ ದೃಶ್ಯ ಇದು.

"ಚೈತ್ರನ ಕಡೆಯೋರು ಯಾರಮ್ಮಾ?"

"ನಾನೇ ಕಣವ್ವ, ಅವ್ಳತ್ತೆ."

"ನಿನ್ ಸೊಸೆ ರಕ್ತದಲ್ಲಿ ಗುಪ್ತರೋಗ ಬಂದೈತೆ. ಸಿಫಿಲಿಸ್ ಅಂತ. ಡಾಕ್ಟ್ರು ಮೀಟಿಂಗ್‌ಗೆ ಹೋಗವ್ರೆ. ಸೋಮವಾರ ಕರ್ಕೊಂಬಾ."

ಎದುರಿನ ಬೆಂಚಿನ ಹೆಂಗಸು "ಅಯ್ಯೋ ಸಿವನೇ" ಎಂದಳಂತೆ. ಚೈತ್ರಾ ವಾಪಸು ಬಂದು ಕೂತಾಗ ಪಕ್ಕದ ಬಸುರಿ ಸೆರಗು ಎಳೆದುಕೊಂಡು ಆಚೆಗೆ ಸರಿದಳಂತೆ. ಏಕೆ ಸರಿದಳೆಂದು ನಮ್ಮ ಹುಡುಗಿಗೆ ಮಾತ್ರ ಗೊತ್ತಿಲ್ಲ! ಉಳಿದವರಿಗೆಲ್ಲ ಗೊತ್ತು. ಇಂಥ ಸನ್ನಿವೇಶವನ್ನು ನಾಟಕದಲ್ಲಿ ಬರೆದರೆ ಅತಿಯಾಯಿತೆಂದು ಜನ ನಗುತ್ತಾರೆ. ನೀವು ಸರ್ಕಾರಿ ಖರ್ಚಿನಲ್ಲಿ ಆಡಿಸಿದ್ದೀರಿ.

ಅತ್ತೆ ಸೋಮವಾರದವರೆಗೆ ಕಾಯಲಿಲ್ಲ. ಸಂಜೆಯೇ ಆಟೋ ಹಿಡಿದು ಸೊಸೆಯನ್ನು ತವರಿನ ಬಾಗಿಲಲ್ಲಿ ಇಳಿಸಿ, ನನ್ನ ತಂಗಿಗೆ ಹೇಳಿದ್ದು ಇಷ್ಟು: "ನಮ್ಮನೇಲಿ ಇಂಥ ಕಾಯ್ಲೆ ಯಾರಿಗೂ ಇಲ್ಲ ಕಣಮ್ಮ. ಮದ್ವೆಗ್ ಮುಂಚೆ ಏನ್ ಮಾಡ್ಕೊಂಡ್ ಬಂದವ್ಳೋ, ನೀನೇ ಕೇಳ್ಕೋ."

ಒಂದು ಪ್ರಶ್ನೆ, ಮಾನ್ಯರೇ. ಗರ್ಭಿಣಿಯರಿಗೆ ಈ ಪರೀಕ್ಷೆ ಮಾಡುವುದು ತಪ್ಪೇ? ಖಂಡಿತ ಅಲ್ಲ. ಹೊಟ್ಟೆಯಲ್ಲಿರುವ ಕೂಸನ್ನು ಉಳಿಸುವ ಪರೀಕ್ಷೆ ಅದು, ಮಾಡಲೇಬೇಕು. ಆದರೆ ಆ ಮನೆಯಲ್ಲಿ ಪರೀಕ್ಷೆ ಮಾಡಿದ್ದು ಒಬ್ಬಳಿಗೆ ಮಾತ್ರ. ರಂಗದ ಮೇಲೆ ಒಬ್ಬರ ಮುಖಕ್ಕೇ ಲೈಟು ಬಿಟ್ಟರೆ ಅಲ್ಲಿ ಬೇರೆ ಪಾತ್ರವೇ ಇಲ್ಲವೆಂದು ಪ್ರೇಕ್ಷಕ ತಿಳಿಯುತ್ತಾನೆ. ಕತ್ತಲಲ್ಲಿ ನಿಂತವನೇ ಸೋಂಕು ತಂದಿದ್ದರೂ ಮೊದಲು ಪರೀಕ್ಷೆಗೆ ಕೈ ಚಾಚಿದವಳೇ ಮೊದಲ ಅಪರಾಧಿ. ಗೇಟಿನ ಹೊರಗೆ ಟೀ ಕುಡಿಯುತ್ತಿದ್ದವನನ್ನು ಒಳಗೆ ಕರೆಯಲು ನಿಮ್ಮವರಿಗೆ ಎಷ್ಟು ಹೆಜ್ಜೆ ಬೇಕಿತ್ತು?

ಚೈತ್ರಾ ಕೋಣೆ ಸೇರಿದಳು. ಆಸ್ಪತ್ರೆ ಎಂದರೆ ಸಾಕು, ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. "ಮಾವ, ಸತ್ರೂ ಸರಿ, ಆ ಬೆಂಚಿನ ಮುಂದಕ್ಕೆ ಇನ್ನೊಂದ್ಸಲ ಹೋಗಾಕಿಲ್ಲ." ಹೀಗೇ ವಾರಗಳು ಕಳೆದವು. ಬೇಗ ಸೂಜಿಮದ್ದು ಸಿಕ್ಕಿದಷ್ಟೂ ಮಗುವಿಗೆ ಕ್ಷೇಮ ಎನ್ನುವ ಕಾಯಿಲೆಯಲ್ಲಿ ನಿಮ್ಮ ಒಂದು ಕೂಗು ವಾರಗಳನ್ನು ನುಂಗಿತು. ಆ ಮಗುವಿಗೆ ಏನಾದರೂ ಆಗಿದ್ದರೆ ನಿಮ್ಮ ವರದಿಯಲ್ಲಿ 'ಗರ್ಭಿಣಿ ಚಿಕಿತ್ಸೆಗೆ ಸಹಕರಿಸಲಿಲ್ಲ' ಎಂದು ಬರೆದು ಮುಗಿಸುತ್ತಿದ್ದಿರಿ, ಅಲ್ಲವೇ?

ಕೊನೆಗೆ ಚನ್ನಪಟ್ಟಣದಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿರುವ ಡಾ. ಜುವೇರಿಯಾ ಅವರ ಬಳಿಗೆ ಕರೆದುಕೊಂಡು ಹೋದೆವು. ಆಯಮ್ಮ ಮೊದಲು ಮಾಡಿದ ಕೆಲಸವೆಂದರೆ ನನ್ನನ್ನೂ ನನ್ನ ತಂಗಿಯನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಿದ್ದು. ನಾನು ಹೊರಗೆ ಕೂತು ಕಿವಿ ಚಾಚಿದೆ. ಒಂದಕ್ಷರ ಕೇಳಿಸಲಿಲ್ಲ. ಚೈತ್ರಾ ಒಪ್ಪಿದ ಮೇಲೆಯೇ ನಮ್ಮನ್ನು ಒಳಗೆ ಕರೆದರು. ಇನ್ನೊಂದು ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು ಪೆನ್ಸಿಲಿನ್ ಕೊಟ್ಟರು. ಈ ಸೋಂಕು ಏನೂ ಲಕ್ಷಣ ತೋರಿಸದೆ ವರ್ಷಗಟ್ಟಲೆ ಮೈಯಲ್ಲಿ ಅಡಗಿರಬಲ್ಲದು, ಮದ್ದಿಗೆ ಬಗ್ಗುತ್ತದೆ, ಆದರೆ ಗಂಡನಿಗೂ ಚಿಕಿತ್ಸೆಯಾಗದಿದ್ದರೆ ಮತ್ತೆ ಬರುತ್ತದೆ ಎಂದರು. ಆಮೇಲೆ ಕೇಳಿದರು: "ಅವರ ಯಜಮಾನ್ರು ಟೆಸ್ಟ್ ಮಾಡಿಸಿದಾರಾ? ಮಾಡಿಸಿದ್ರೆ ಯಾವಾಗ?"

ಆ ಪ್ರಶ್ನೆ ಹೊತ್ತು ಬೀಗರ ಮನೆಗೆ ಹೋದೆ. ಗದೆಯೊಂದಿಲ್ಲ ಅನ್ನುವುದು ಬಿಟ್ಟರೆ ಯುದ್ಧದ ಸೀನಿಗೇ ಹೊರಟಿದ್ದೆ ಎನ್ನಿ. ಮಧುಕುಮಾರನ ತಾಯಿ ಹಜಾರದಲ್ಲೇ ಶುರು ಮಾಡಿದರು. "ನನ್ ಮಗ ಚಿನ್ನ ಕಣಣ್ಣ. ಬಿಡದಿ ಫ್ಯಾಕ್ಟ್ರಿ, ಮನೆ, ಇಷ್ಟೇಯ. ಬ್ಯಾರೆ ಗೊತ್ತಿಲ್ಲ ಅವುನ್ಗೆ."

ಹುಡುಗ ಧೈರ್ಯ ತಂದುಕೊಂಡು ಹೇಳಿದ: "ನಂದು ಮದ್ವೆಗ್ ಮುಂಚೇನೇ ಟೆಸ್ಟ್ ಆಗೈತೆ ಮಾವ. ಏನೂ ಇಲ್ಲ ಅಂದವ್ರೆ."

"ಫ್ಯಾಕ್ಟ್ರಿ, ಮನೆ ಬಿಟ್ರೆ ಬ್ಯಾರೆ ಗೊತ್ತಿಲ್ದಿರೋನಿಗೆ ಆ ಟೆಸ್ಟು ಯಾಕ್ ಬೇಕಾಯ್ತ್ಲಾ?"

ತಾಯಿಯ ಮುಖ ಬಿಳಿಚಿಕೊಂಡಿತು. ಇನ್ನು ಅಲ್ಲಿಯೇ ಕೇಳಿದರೆ ನನಗೂ ನಿಮ್ಮ ಸಿಬ್ಬಂದಿಗೂ ವ್ಯತ್ಯಾಸವಿರುವುದಿಲ್ಲ ಎನಿಸಿ, ಹುಡುಗನನ್ನು ಹಿಪ್ಪುನೇರಳೆ ತೋಟದೊಳಕ್ಕೆ ಕರೆದುಕೊಂಡು ಹೋದೆ.

"ಫ್ರೆಂಡ್ಸೆಲ್ಲ ಸೇರಿ ಟೂರ್ ಹೋಗಿದ್ವಿ ಮಾವ. ಅಲ್ಲಿ ಒಬ್ಳ ತಾವ ಹೋಗಿದ್ದೆ, ಒಂದೇ ಸಲ. ಆಮೇಲೆ ಬಯ ಆಗೋಯ್ತು. ಬಂದು ನಾಕನೇ ದಿನಕ್ಕೇ ಲ್ಯಾಬ್‌ಗೋಗಿ ಎಲ್ಲಾ ಟೆಸ್ಟೂ ಮಾಡುಸ್ದೆ. ಕ್ಲೀನ್ ಅಂದ್ರು. ಖುಷಿಯಾಗಿ ಮದ್ವೆ ಆದೆ."

"ಲೇ, ರೇಸ್ಮೆ ಬೆಳೆಯೋ ಮನೆ ಮಗ ನೀನು. ಮೊಟ್ಟೆ ತಂದ ನಾಕನೇ ದಿನಕ್ಕೆ ಗೂಡು ಹುಡುಕ್ತೀಯೇನ್ಲಾ? ಈ ಕಾಯ್ಲೇನೂ ಹಂಗೇಯ, ರಕ್ತದಲ್ಲಿ ಕಾಣಾಕೆ ವಾರಗಟ್ಲೆ ಬೇಕು."

"ಯಾರೂ ಹೇಳ್ನಿಲ್ಲ ಮಾವ."

ಅವನಿಗೆ ಬಾರಿಸಲೆಂದೇ ಎತ್ತಿದ್ದ ಕೈ ಅಲ್ಲೇ ಇಳಿಯಿತು. ಮಾಡಿದ್ದು ತಪ್ಪು, ಹೆಂಡತಿಯ ಮೇಲೆ ಅಪವಾದ ಬಿದ್ದಾಗ ಬಾಯಿ ಮುಚ್ಚಿಕೊಂಡಿದ್ದು ಇನ್ನೂ ದೊಡ್ಡ ತಪ್ಪು. ಆದರೆ ಹೆದರಿ ತಾನಾಗಿಯೇ ಪರೀಕ್ಷೆಗೆ ಹೋದ ಹುಡುಗ ಅವನು! ದುಡ್ಡು ಇಸಿದುಕೊಂಡು ರಕ್ತ ತೆಗೆದವರು 'ಯಾವಾಗ ನಡೆದದ್ದಪ್ಪ' ಎಂಬ ಒಂದು ಮಾತು ಕೇಳಿ, 'ಇದು ತೀರಾ ಬೇಗ, ಮತ್ತೆ ಬಾ' ಎಂದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಆ ಮಾತನ್ನು ಗೋಡೆಯ ಮೇಲೆ ಬರೆಸಬೇಕಾದವರು ಯಾರು?

ಬರೆಸುತ್ತೀರಿ, ಗೊತ್ತು. 'ಜಾಗೃತರಾಗಿರಿ' ಎಂದು. ಕಳೆದ ವರ್ಷ ನಿಮ್ಮ ಇಲಾಖೆಯ ಬೀದಿ ನಾಟಕವನ್ನೂ ರಾಮನಗರದಲ್ಲಿ ನಿಂತು ನೋಡಿದೆ. ಕೊಂಬು ಕಟ್ಟಿಕೊಂಡ ರೋಗಾಸುರ ಬಂದ, ಹಲ್ಲು ಕಡಿದ, ಮಕ್ಕಳು ಚಪ್ಪಾಳೆ ತಟ್ಟಿದರು, ಅಸುರ ಸತ್ತ. ಯಾರು ಪರೀಕ್ಷೆ ಮಾಡಿಸಬೇಕು? ಯಾವಾಗ? ಎಲ್ಲಿ? ಅಸುರನೂ ಹೇಳಲಿಲ್ಲ, ಕೊಂದವನೂ ಹೇಳಲಿಲ್ಲ. ಕೊನೆಗೆ ಬಣ್ಣದ ಬಲೂನು ಹಾರಿಸಿದಿರಿ. ಬಲೂನಿನ ಮೇಲೂ ಬರೆದಿರಲಿಲ್ಲ.

ಹಾಗಾದರೆ ಡಾಕ್ಟರಮ್ಮನಿಂದ ಕೇಳಿ ಕಲಿತದ್ದನ್ನು ಈ ಬಣ್ಣದ ಮನುಷ್ಯನೇ ಹೇಳುತ್ತೇನೆ, ಓದುಗರೂ ಕೇಳಿಸಿಕೊಳ್ಳಲಿ. ಕಾಂಡೋಮ್ ಇಲ್ಲದೆ ಹೊಸಬರೊಡನೆ ಸೇರಿದ್ದರೆ, ಕಾಂಡೋಮ್ ಹರಿದಿದ್ದರೆ, ಒಬ್ಬರಿಗಿಂತ ಹೆಚ್ಚು ಜನರ ಸಂಬಂಧವಿದ್ದರೆ, ಜೊತೆಗಾರರಿಗೆ ಸೋಂಕು ಇದೆಯೆಂದು ತಿಳಿದರೆ ಪರೀಕ್ಷೆ ಬೇಕು. ಮೈಯಲ್ಲಿ ಏನೂ ಕಾಣದಿದ್ದರೂ ಬೇಕು. ಹುಣ್ಣು, ಉರಿಮೂತ್ರ, ಸ್ರಾವ ಕಂಡರೆ ದಿನ ಎಣಿಸುತ್ತಾ ಕೂರದೆ ಅಂದೇ ವೈದ್ಯರ ಬಳಿ ಹೋಗಬೇಕು. ಎಚ್‌ಐವಿ ತಗುಲಿರಬಹುದೆಂಬ ಭಯವಿದ್ದರೆ ಎಪ್ಪತ್ತೆರಡು ಗಂಟೆ ಮೀರುವ ಮೊದಲೇ ಹೋಗಬೇಕು, ತಡೆಯುವ ಮಾತ್ರೆಗಳಿವೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಕೆಲವು ಸೋಂಕುಗಳು ಎರಡು ವಾರಕ್ಕೆ ಪರೀಕ್ಷೆಯಲ್ಲಿ ಸಿಕ್ಕುತ್ತವೆ. ಸಿಫಿಲಿಸ್, ಎಚ್‌ಐವಿ ರಕ್ತದಲ್ಲಿ ಕಾಣಿಸಿಕೊಳ್ಳಲು ವಾರಗಳೇ ಬೇಕು. ಆದ್ದರಿಂದ ಮೊದಲ ಸಲ 'ಇಲ್ಲ' ಎಂದರೂ ಆರು ವಾರ ಕಳೆದ ಮೇಲೆ ಒಂದು ಸಲ, ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದು ಸಲ ನೋಡಿಸಬೇಕು, ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು. ಆಯಿತು, ಇಷ್ಟೇ. ಒಂದು ಕಂದಪದ್ಯ ಹಾಡಿ ಮುಗಿಸುವಷ್ಟು ಹೊತ್ತು ಹಿಡಿಯಿತು. ನಿಮ್ಮ ಇಲಾಖೆಗೆ ಇಷ್ಟು ವರ್ಷ ಏಕೆ ಹಿಡಿಯಿತು?

ಮಧುಕುಮಾರನಿಗೆ ಪರೀಕ್ಷೆಯಾಯಿತು, ಸೋಂಕು ಇತ್ತು, ಅವನಿಗೂ ಸೂಜಿ ಬಿತ್ತು. ಚೈತ್ರಾಳಿಗೆ ಈಗ ಏಳು ತಿಂಗಳು. ಮಗು ಚೆನ್ನಾಗಿ ಬೆಳೆಯುತ್ತಿದೆ, ಹುಟ್ಟಿದ ಮೇಲೆ ಅದರ ರಕ್ತವನ್ನೂ ನೋಡಬೇಕು ಎಂದಿದ್ದಾರೆ ಡಾಕ್ಟರಮ್ಮ. ಮೊನ್ನೆ ಅತ್ತೆ ಸೀಮಂತದ ಬಳೆ, ಸೀರೆ ಹಿಡಿದುಕೊಂಡು ಬಂದಿದ್ದರು. ಹುಡುಗಿ ಮುಟ್ಟಲಿಲ್ಲ. "ಬಳೆ ಆಮೇಲೆ ತೊಟ್ಕೊಂತೀನಿ ಅತ್ತೆ. ಮೊದ್ಲು ಆ ಆಸ್ಪತ್ರೆಗೆ ಬನ್ನಿ. ಅಷ್ಟೂ ಜನದ ಮುಂದೆ, ನನ್ ಸೊಸೆದೇನೂ ತಪ್ಪಿಲ್ಲ ಅನ್ನಿ." ಅತ್ತೆ ಅತ್ತರು, ತಂದದ್ದನ್ನು ಅಲ್ಲೇ ಇಟ್ಟು ಹೋದರು. ನನಗೆ ಆ ಹೆಂಗಸಿನ ಮೇಲೆ ಸಿಟ್ಟಿದೆ. ಆದರೆ ಅವರ ಬಾಯಿಗೆ ಆ ಮಾತನ್ನು ಕೊಟ್ಟವರು ನೀವು.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ಫಲಿತಾಂಶವನ್ನು ಪರೀಕ್ಷೆಯಾದವರಿಗೆ ಮಾತ್ರ, ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಬೇಕು. ಬಸುರಿಯ ಜೊತೆ ಗಂಡನನ್ನೂ ಮೊದಲ ದಿನವೇ ಒಳಗೆ ಕರೆದು ಪರೀಕ್ಷೆಗೆ ಹೇಳಬೇಕು. ರಕ್ತ ತೆಗೆಯುವ ಪ್ರತಿ ಜಾಗದಲ್ಲೂ 'ಯಾವಾಗ' ಎಂದು ಕೇಳಿಸಬೇಕು, ಮತ್ತೆ ಬರಬೇಕಾದ ದಿನ ಹೇಳಿ ಕಳಿಸಬೇಕು. ಕೊನೆಯದಾಗಿ, ನೀವೇ ಬಂದು ಆ ಹುಡುಗಿಯ ಕ್ಷಮೆ ಕೇಳಬೇಕು. ಅವಳು ಯಾರೆಂದು ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಪಡಸಾಲೆಯಲ್ಲಿ ಕೂತಿದ್ದವರಿಗೆಲ್ಲ ಗೊತ್ತಿದೆ. ಬರುವಾಗ ಮಾತ್ರ ಜೀಪು ದೂರ ನಿಲ್ಲಿಸಿ, ಒಬ್ಬರೇ ಬನ್ನಿ.

ಇಂತಿ,
ನಾಲ್ಕೂ ತಾಲ್ಲೂಕಿನ ನಾಟಕದ ಪೋಸ್ಟರುಗಳಲ್ಲಿ ಹೆಸರು ದಪ್ಪಕ್ಷರದಲ್ಲಿ ಬಾರದಿದ್ದರೆ ಬಣ್ಣವನ್ನೇ ಹಚ್ಚದವನು,
ತಂಗಿಯ ಮಗಳ ಗುಟ್ಟು ಇನ್ನಷ್ಟು ಹರಡದಿರಲೆಂದು ಇಲ್ಲಿ ಹೆಸರು ಬರೆಯಲಾರದ ಒಬ್ಬ ಸೋದರಮಾವ