ಬದನೆಕಾಯಿ ಬಣ್ಣದ ಕೋಣೆ

ಫೆಬ್ರವರಿ 9, ಭಾನುವಾರ

ಮಂಚ ಎಳೆದು ನಡುವಿಗೆ ಹಾಕಿದ್ದಾಯಿತು. ಪರದೆಯೂ ಇಳಿಯಿತು. ಗೋಡೆಯ ಮೇಲಿನ ಕಲೆ ಮಾತ್ರ ಇದ್ದಲ್ಲೇ ಇದೆ. ಇವರ ಮೊದಲ ಹೆಂಡತಿ ಕಾಯಿಲೆಯ ತಿಂಗಳುಗಳಲ್ಲಿ ತಲೆ ಒರಗಿಸಿ ಕೂರುತ್ತಿದ್ದ ಜಾಗ. ತಲೆಗೆಣ್ಣೆಯ ಜಿಡ್ಡು. ನಮ್ಮ ಮದುವೆಗೆ ಮುಂಚೆ ಕೆನೆಬಣ್ಣ ಹೊಡೆಸಿದ್ದರಂತೆ. ಅದನ್ನೂ ತೂರಿಕೊಂಡು ಬಂದಿದೆ.

ಪೇಂಟರ್ ಬಣ್ಣದ ಪುಸ್ತಕ ತಂದಿದ್ದ. ಕಡುನೇರಳೆಯ ಮೇಲೆ ಬೆರಳಿಟ್ಟೆ. ಹೊಳಪಿಲ್ಲದ ಮ್ಯಾಟ್. ನಾಲ್ಕೂ ಗೋಡೆಗೆ. ಅತ್ತೆ ಕನ್ನಡಕ ಏರಿಸಿ ನೋಡಿದರು. "ಬದನೆಕಾಯಿ ಒಳಗೆ ಹುಳ ಇದ್ದ ಹಾಗೆ ಇರಬಹುದು ಬಿಡಮ್ಮ."

ಇವರು "ನಿನ್ನಿಷ್ಟ" ಅಂದರು. ಅಷ್ಟು ಬೇಗ ಅನ್ನಬಾರದಿತ್ತು.

ಇಡೀ ಮನೆಯಲ್ಲಿ ಅವಳಿಲ್ಲದ ಒಂದು ಕೋಣೆ ಬೇಕು ನನಗೆ. ಬರೆದೇಬಿಟ್ಟೆ. ಯಾರು ಓದುತ್ತಾರೆ.

ಫೆಬ್ರವರಿ 14

ಮುಗಿಯಿತು. ಮಂಚ ಮತ್ತೆ ಗೋಡೆಗೆ ಸೇರಿತು. ಚೆನ್ನಾಗಿದೆ... ಹೇಳಿಕೊಳ್ಳುವಷ್ಟು ಚೆನ್ನಾಗಿದೆ. ಕಲೆ ಕಾಣುತ್ತಿಲ್ಲ. ಬಿಳಿ ಹೊದಿಕೆ, ಹಿತ್ತಾಳೆ ದೀಪ. ಲೈಟ್ ಹಾಕಿದರೆ ಗೋಡೆ ಬೆಳಕನ್ನೆಲ್ಲ ಕುಡಿದು ಸುಮ್ಮನಾಗುತ್ತದೆ. ಮೂಲೆಗಳು ಮೊದಲಿಗಿಂತ ಹತ್ತಿರ ಬಂದಿವೆ ಅನ್ನಿಸುತ್ತದೆ.

ಇವರ ಮಗಳು ಹೊಸ್ತಿಲಲ್ಲೇ ನಿಂತಳು. ಎರಡನೇ ಕ್ಲಾಸು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅಂತ ನನ್ನನ್ನು 'ಕನ್ನಡಕದ ಆಂಟಿ' ಅನ್ನುತ್ತಾಳೆ. ಬೇರೇನೂ ಅನ್ನುವುದಿಲ್ಲ.

"ಬಾ ಪುಟ್ಟಿ, ನೋಡು."

"ಬೇಡ. ಗೋಡೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

ಫೆಬ್ರವರಿ 21, ಮಧ್ಯಾಹ್ನ

ಬಂದಿದೆ. ಅದೇ ಜಾಗದಲ್ಲಿ.

ಈ ಸಲ ಕಲೆಯಲ್ಲ, ಹೊಳಪು. ಎದುರಿಗೆ ನಿಂತರೆ ಏನಿಲ್ಲ. ಕಿಟಕಿ ಕಡೆಯಿಂದ ಓರೆಯಾಗಿ ನೋಡಿದರೆ — ಒಂದು ತಲೆಯಷ್ಟು. ಲೆನ್ಸ್ ಒರೆಸುವ ಮೆತ್ತನೆ ಬಟ್ಟೆ ಬ್ಯಾಗಿನಲ್ಲಿತ್ತು. ಒರೆಸಿದೆ.

ಫೆಬ್ರವರಿ 24

ದೊಡ್ಡದಾಗಿದೆ. ಒರೆಸಿದೆ.

ಫೆಬ್ರವರಿ 25

ಭುಜವೂ ಮೂಡಿದೆ. ಇವರನ್ನು ಕರೆದು ತೋರಿಸಿದೆ. "ಏನೂ ಕಾಣಲ್ವಲ್ಲ," ಅಂದರು. ಹೇಳುವಾಗ ಆ ಕಡೆ ನೋಡಲಿಲ್ಲ.

ಮಾರ್ಚ್ 4

ಪೇಂಟರನ್ನು ಕರೆಸಿದೆ. ಬೆರಳಾಡಿಸಿ ನೋಡಿದ. "ಮ್ಯಾಟ್ ಅಲ್ವಾ ಅಮ್ಮ, ಅದೂ ಕಡುಬಣ್ಣ. ಉಜ್ಜಿದಷ್ಟೂ ಹೊಳೆಯುತ್ತೆ. ಯಾರೋ ಚೆನ್ನಾಗಿ ಉಜ್ಜಿದ್ದಾರೆ." ಅಷ್ಟು ಹೇಳಿ ನನ್ನ ಕೈ ನೋಡಿದ. ಬಟ್ಟೆ ಕೈಯಲ್ಲೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ.

ದಿನವಿಡೀ ಅಂಗಡಿಯಲ್ಲಿ ಇದೇ ಕೆಲಸ. ಒರೆಸು, ಬೆಳಕಿಗೆ ಹಿಡಿ, ಮತ್ತೆ ಒರೆಸು. ಅವಳಿಗೆ ಭುಜ ಬರೆದವಳು ನಾನೇ. ಮಾಡಿದ್ದುಣ್ಣೋ ಮಹರಾಯ. ನಗು ಬಂತು.

ಆಮೇಲೆ ನಿಂತಿತು. ಮೊದಲ ದಿನ ನಾನಿನ್ನೂ ಮುಟ್ಟಿರಲೇ ಇಲ್ಲವಲ್ಲ?

ಅತ್ತೆಯನ್ನು ಕೇಳಿದೆ. ಸೊಪ್ಪು ಬಿಡಿಸುತ್ತಾ ತಲೆಯೆತ್ತದೆ ಹೇಳಿದರು: "ಮಗು ಕಣಮ್ಮ. ಸ್ಕೂಲಿಂದ ಬಂದೋಳೇ ಮಂಚ ಹತ್ತಿ ಅಲ್ಲಿ ಒರಗ್ತಾಳೆ. ಏನೋ ಮಾತಾಡ್ಕೋತಾಳೆ. ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಎದ್ದು ಓಡ್ತಾಳೆ."

ದೆವ್ವವಾಗಿದ್ದರೆ ಚೆನ್ನಾಗಿತ್ತು. ಅಟ್ಟಬಹುದಿತ್ತು.

ಮಾರ್ಚ್ 19

ಬರೆಯಲು ತ್ರಾಣವಿಲ್ಲ. ಜ್ವರ. ವಾರವಾಯಿತು, ಇಳಿಯುವುದು, ಏರುವುದು. ರಕ್ತ ಕೊಟ್ಟು ಬಂದಿದ್ದೇನೆ. ರಿಪೋರ್ಟ್ ನಾಳೆ.

ಮಾರ್ಚ್ 20, ಮಧ್ಯಾಹ್ನ

ಇವರು ರಿಪೋರ್ಟ್ ತರಲು ಹೋಗಿದ್ದಾರೆ. ಇಷ್ಟು ಹೊತ್ತಿಗೆ ಬರಬೇಕಿತ್ತು. ಒರಗಿ ಕೂತಿದ್ದೇನೆ. ಬೇರೆಲ್ಲಿ ಒರಗಲಿ, ಮಂಚ ಇರುವುದು ಹೀಗೆ. ಗೋಡೆ ತಣ್ಣಗಿದೆ, ಹಿತವಾಗಿದೆ. ಅವಳಿಗೂ ಇದೇ ಹಿತ ಸಿಕ್ಕಿರಬೇಕು.

ಪುಟ್ಟಿ ಬಂದಳು. ನನ್ನನ್ನು ಹೀಗೆ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು, ಬ್ಯಾಗ್ ಕೂಡ ಇಳಿಸದೆ.

"ಏನಿಲ್ಲ ಪುಟ್ಟಿ. ಬರೀ ಜ್ವರ."

"ಅಮ್ಮಾನೂ ಬರೀ ಜ್ವರ ಅಂದಿದ್ಳು."

ಬರೆಯುವ ಹಾಗೆ ಮಾಡಿದೆ. ಈಗ ಮಂಚ ಹತ್ತಿದ್ದಾಳೆ. ನನ್ನ ಪಕ್ಕದಲ್ಲೇ, ತೋಳು ತಾಗುವಷ್ಟು. ಮೊದಲ ಸಲ. ನನ್ನ ಕಡೆ ನೋಡುತ್ತಿಲ್ಲ. ಬಾಯಿ ಗೋಡೆಗಿಟ್ಟು ಪಿಸುಗುಟ್ಟುತ್ತಿದ್ದಾಳೆ. ಕೇಳಿಸುತ್ತಿದೆ.

"ಅಮ್ಮ, ಇವರನ್ನ ಕರ್ಕೊಂಡು ಹೋಗ್ಬೇಡ. ಇವರು ಇರ್ಲಿ."

ಅಳು ಬರುತ್ತಿದೆ. ನನ್ನ ಪರವಾಗಿ ಈ ಮನೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.

ಈಗ ಕಿವಿ ಗೋಡೆಗಿಟ್ಟು ಕಾಯುತ್ತಿದ್ದಾಳೆ. ಉಸಿರು ಬಿಗಿಹಿಡಿದು. ನಾನೂ.

ತಲೆಯಾಡಿಸಿದಳು. ಯಾರ ಮಾತಿಗೋ ಹ್ಞೂಂಗುಟ್ಟಿದ ಹಾಗೆ.

ಏನಂದಳು ಅಂತ ಕೇಳಬೇಕು. ಕೆಳಗೆ ಗೇಟಿನ ಸದ್ದು, ಇವರು ಬಂದರು. ಮೆಟ್ಟಿಲು ಹತ್ತುವುದು ಯಾಕೆ ಇಷ್ಟು ನಿಧಾನ... ಪುಟ್ಟಿ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಿದ್ದಾಳೆ —