ಆಯುಧಪೂಜೆಯಲ್ಲಿ ಮಿಂದ ಬಾಣಗಳು

ನಗರದ ಬಿಲ್ಲುಗಾರಿಕೆ ಆಯ್ಕೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಸೊಟ್ಟಗಾದ ಮರದ ಬಾಣ ಕೈಗೆ ಕೊಟ್ಟು, ಗುರಿ ತಪ್ಪಿತೆಂದು ನನ್ನ ಮಗಳು ತನುಶ್ರೀಯನ್ನು ತಂಡದಿಂದ ಕೈಬಿಟ್ಟಿದ್ದೀರಿ. ಕಿರಿಯರ ವಿಭಾಗದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ತಮ್ಮ ಮೇಜಿನ ಮೇಲೆ ನನ್ನ ಎರಡು ಅರ್ಜಿಗಳು ಸುಖವಾಗಿ ನಿದ್ದೆ ಮಾಡುತ್ತಿರುವುದರಿಂದ ಮೂರನೆಯದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ತಮ್ಮ ಸುತ್ತೋಲೆ ಬಲು ಸೊಗಸಾಗಿತ್ತು. ಕೆಲವರ ಬಳಿ ಕಾರ್ಬನ್ ಬಾಣ, ಕೆಲವರ ಬಳಿ ಅಲ್ಯೂಮಿನಿಯಂ, ಇದು ಸಮಾನತೆಗೆ ಧಕ್ಕೆ. ಆದ್ದರಿಂದ ಎಲ್ಲರೂ ಕಚೇರಿ ಕೊಡುವ ಮರದ ಬಾಣವನ್ನೇ ಬಳಸತಕ್ಕದ್ದು ಎಂದಿರಿ. ಮರವೇ ನಮ್ಮ ಪರಂಪರೆ ಎಂದೂ ಸೇರಿಸಿದಿರಿ. ಆಗಲಿ ಸ್ವಾಮಿ. ಅದೇ ಪರಂಪರೆಯ ಪ್ರಕಾರ ತಾವು ಕಚೇರಿಗೆ ಎತ್ತಿನ ಗಾಡಿಯಲ್ಲಿ ಬರುತ್ತೀರೋ, ಜೀಪಿನಲ್ಲೋ?

ನಮ್ಮ ಮನೆಯಲ್ಲಿ ಬಾಣ ಆರಿಸುವುದು ವರ ನೋಡಿದಷ್ಟೇ ದೊಡ್ಡ ಸಂಗತಿಯಾಗಿತ್ತು. ಚಾಮರಾಜಪೇಟೆಯ ಛತ್ರವೊಂದರ ಹಿಂದಿನ ಬಯಲಿನಲ್ಲಿ ಬಿಲ್ಲು ಕಲಿಸುವ ಶೀನಣ್ಣ ಮೂರು ಬಗೆಯನ್ನೂ ಅವಳ ಕೈಯಲ್ಲಿ ಬಿಡಿಸಿ ನೋಡಿದರು. ಮರದ್ದು ಕಲಿಯುವವರಿಗೆ ಸಾಕು, ಆದರೆ ಒಂದರಂತೆ ಇನ್ನೊಂದಿರುವುದಿಲ್ಲ, ತೇವ ತಾಕಿದರೆ ಬಾಗುತ್ತದೆ ಎಂದರು. ಕಾರ್ಬನ್ ಹಗುರ, ವೇಗವೂ ಹೆಚ್ಚು. ಆದರೆ ಕಾಣದ ಬಿರುಕಿದ್ದರೆ ಬಿಡುವಾಗಲೇ ಸಿಡಿದು ಕೈಗೆ ಚುಚ್ಚೀತು. ಕೊನೆಗೆ ಅಲ್ಯೂಮಿನಿಯಂ ಬಾಣವನ್ನು ನಮ್ಮ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಉರುಳಿಸಿ, "ಇದೇ ಇರ್ಲಿ ಮೇಡಂ. ಸೊಟ್ಟಗಾದ್ರೆ ಕುಣಿಯುತ್ತೆ, ಗೊತ್ತಾಗ್ಬಿಡುತ್ತೆ. ತನ್ನ ತಪ್ಪು ಮುಚ್ಚಿಡಲ್ಲ" ಎಂದರು. ಅಂದಿನಿಂದ ತನುಶ್ರೀ ದಿನವೂ ಅವುಗಳನ್ನು ಉರುಳಿಸಿ ನೋಡಿಯೇ ಬಯಲಿಗೆ ಹೋಗುತ್ತಿದ್ದಳು.

ಆಯ್ಕೆಗೆ ಮೂರು ದಿನ ಮುಂಚೆ ಆಯುಧಪೂಜೆ ಬಂತು. ತಮ್ಮ ಕಚೇರಿಯವರು ಜೀಪು ತೊಳೆದ ಭಕ್ತಿಯಲ್ಲೇ ಮರದ ಬಾಣಗಳನ್ನೂ ಬಕೆಟ್ಟಿನಲ್ಲಿ ಅದ್ದಿ ತೊಳೆದು, ತಾರಸಿಯ ಬಿಸಿಲಿಗೆ ಹರವಿ, ಕುಂಕುಮ ಹಚ್ಚಿದರು. ತಮ್ಮ ಜವಾನ ಬೈರಯ್ಯನವರೇ ಇದನ್ನು ನನಗೆ ಹೆಮ್ಮೆಯಿಂದ ಹೇಳಿದರು. ಬಾಣಗಳು ಹಪ್ಪಳದ ಹಾಗೆ ಬಾಗದೆ ಇನ್ನೇನಾದಾವು? ಬಾಗದೆ ಉಳಿದ ಕೆಲವು ಯಾರ ಪಾಲಿಗೆ ಬಂದವೋ ಅವರು ಗೆದ್ದರು. ತಾವು ಆರಿಸಿದ್ದು ಮಕ್ಕಳನ್ನೋ, ಬಾಣಗಳನ್ನೋ? ತನುಶ್ರೀಯ ಮೊದಲ ಬಾಣ ಗುರಿಯ ಪಕ್ಕಕ್ಕೆ ಹೋಯಿತು, ಎರಡನೆಯದು ಕಾಂಪೌಂಡ್ ಗೋಡೆಗೆ ಬಡಿಯಿತು. ಮೂರನೆಯದನ್ನು ಅವಳು ತಮ್ಮ ಮೇಜಿನ ಮೇಲೆಯೇ ಉರುಳಿಸಿ ತೋರಿಸಿದಳು. ಅದು ಕುಣಿದದ್ದನ್ನು ತಾವು ನೋಡಿದಿರಿ.

"ಬಾಣದಲ್ಲೇನಿದೆಯಮ್ಮ, ಎಲ್ಲಾ ಕೈಯಲ್ಲಿರೋದು" ಎಂದಿರಿ.

ಆವತ್ತಿನಿಂದ ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತ ಕೂರುತ್ತಾಳೆ. 

ತೊಳೆದರೆ ಬಾಣ ಕೆಡುತ್ತದೆಂದು ಗಣಿತದ ಮೇಡಂಗೆ ಹೇಗೆ ಗೊತ್ತು ಎನ್ನುತ್ತೀರಾ? ಮೂರು ವರ್ಷದ ಹಿಂದೆ ಇದೇ ಘನಕಾರ್ಯವನ್ನು ನಾನೂ ಮಾಡಿದ್ದೆ. ಅವಳ ಮೊತ್ತಮೊದಲ ಮರದ ಬಾಣಗಳನ್ನು ಕತ್ತರಿ, ಈಳಿಗೆಮಣೆಯ ಜೊತೆ ತೊಳೆದು, ಒಣಗಿಸಿ, ವಿಭೂತಿ ಹಚ್ಚಿಟ್ಟಿದ್ದೆ. ಅವು ಕೆಟ್ಟವು. ಶೀನಣ್ಣ ಹೊಸ ಬಾಣ ಹುಡುಕಬೇಕಾಗಿ ಬಂದದ್ದೇ ಅದರಿಂದ. ಇಡೀ ತರಗತಿಯನ್ನು ಗದರಿಸುವ ನಾನು ಹನ್ನೆರಡು ವರ್ಷದ ಹುಡುಗಿಯ ಮುಂದೆ ನಿಂತು, "ತಪ್ಪಾಯ್ತು ಕಣೆ. ನಿನ್ನ ಕೈದಲ್ಲ, ನಂದು" ಎಂದೆ. ಮರುದಿನ ಅವಳು ಮತ್ತೆ ಬಿಲ್ಲು ಹಿಡಿದಳು.

ದೀಪಾವಳಿಯೊಳಗೆ ಮರುಆಯ್ಕೆ ನಡೆಸಿ. ಅವರವರಿಗೆ ಪಳಗಿದ ಬಾಣವನ್ನು ಅವರವರು ತರಲಿ. ಅದಕ್ಕೆ ಮೇಲಿನವರ ಅಪ್ಪಣೆ ಬೇಕೆನ್ನುತ್ತೀರಿ, ಬಲ್ಲೆ. ಆದರೆ ತಪ್ಪು ಅವಳ ಕೈಯದಲ್ಲ ಎಂಬ ಒಂದು ಸಾಲಿಗೆ ಯಾರ ಅಪ್ಪಣೆಯೂ ಬೇಡ. ಅದನ್ನು ಇವತ್ತೇ ಬರೆದು ಕಳಿಸಿ. ನಾನು ಎಷ್ಟು ಹೇಳಿದರೂ ಅವಳು ಈ ಸಲ ನಂಬುತ್ತಿಲ್ಲ. ಬಿಲ್ಲು ಇನ್ನೂ ಗೂಟದಲ್ಲೇ ನೇತಾಡುತ್ತಿದೆ.

ಇಂತಿ,
ತಮಗಿಂತ ಮೊದಲೇ ಬಾಣ ತೊಳೆದು ಕೆಡಿಸಿದವಳು,
ಮಹಾನಂದ
ಚಾಮರಾಜಪೇಟೆ, ನವೆಂಬರ್ ೨೦೦೪