ಮಷೀನಿಗೆ ಇವರ ಹೆಸರು

ವಿಮಾನ ನಗರ, ಪುಣೆ
೧೭ ಆಗಸ್ಟ್ ೨೦೦೮, ಭಾನುವಾರ

ಮಸ್ಕತ್ತಿನಲ್ಲಿರುವ ನನ್ನ ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ತಲೆಗೆ ಟವೆಲ್ಲನ್ನೂ ಸುತ್ತಿಕೊಳ್ಳದೆ ಬಿಸಿಲಲ್ಲಿ ಪೈಪು ನೋಡುತ್ತ ನಿಲ್ಲುತ್ತೀರಂತೆ. ನಿಮ್ಮ ಗೆಳೆಯ ಲೋಕನಾಥರು ಚಾಡಿ ಹೇಳಿದರು. ರಜೆ ಮುಗಿಸಿ ಹೊರಟಿರುವ ಅವರ ಕೈಯಲ್ಲೇ ಶೇಂಗಾ ಹೋಳಿಗೆ, ಈ ಪತ್ರ ಕಳಿಸುತ್ತಿದ್ದೇನೆ. ಫೋನ್ ಮಾಡಿದಾಗ ಅತ್ತೆಯವರು ಪಕ್ಕದಲ್ಲೇ ಕೂತಿರುತ್ತಾರೆ, ಏನಂತ ಮಾತಾಡಲಿ!

ಅಂತೂ ನೀವು ಬಿಟ್ಟುಹೋದ ಲಿನಕ್ಸ್ ಲ್ಯಾಪ್‌ಟಾಪ್ ನನ್ನ ಮಾತು ಕೇಳಿತು. ಅತ್ತೆಯವರ ಮರೆವು ಹೆಚ್ಚುತ್ತಿದೆ, ಗುರುತಿನ ದನಿ ಕಿವಿಗೆ ಬೀಳುತ್ತಿರಲಿ ಎಂದು ಡಾಕ್ಟರು ಹೇಳಿದ ಮೇಲೆ, ನೀವು ಅಲ್ಲಿ ಮಾತು ರೆಕಾರ್ಡ್ ಮಾಡುವುದು, ಅದು ತಾನಾಗಿ ಇಲ್ಲಿಯ ಫೋಲ್ಡರಿಗೆ ಬಂದು ಕೂರುವುದು ಎಂದಾಗಿತ್ತಲ್ಲ? ಒಂದೂ ಬರುತ್ತಿರಲಿಲ್ಲ. ಫೈರ್‌ವಾಲ್ ನಮ್ಮ ಸೊಸೈಟಿಯ ವಾಚ್‌ಮನ್ ಭುಜಂಗನಂತೆ ಎಲ್ಲರನ್ನೂ ಗೇಟಿನಲ್ಲೇ ತಡೆಯುತ್ತದೆ, ಒಳಗೆ ಬಿಡಬೇಕಾದ ಮಷೀನಿನ ಹೆಸರು, ಪೋರ್ಟಿನ ನಂಬರು ನಿಯಮದಲ್ಲಿ ಬರಿ ಎಂದಿರಿ. ಆದರೆ ಅಲ್ಲಿಯ ಮಷೀನಿಗೆ ನಿಮ್ಮ ಹೆಸರನ್ನೇ ಇಟ್ಟಿದ್ದೀರಲ್ಲ, ಮಹಾರಾಯರೇ! ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹಾಡುವ ಒಡಪಿನೊಳಗೆ ಹೇಳಿದ್ದೇ ಹೇಳಿದ್ದು, ಆಮೇಲೆ ಆ ಹೆಸರು ನನ್ನ ಬಾಯಲ್ಲೂ ಬಂದಿಲ್ಲ, ಕೈಯಲ್ಲೂ ಬಂದಿಲ್ಲ. ‘ಭಾಗ್ಯಾನ ಅಪ್ಪ’ ಎಂದು ಟೈಪ್ ಮಾಡಿದೆ. ಅಂಥ ಮಷೀನೇ ಇಲ್ಲ ಎಂದಿತು. ಮತ್ತೆ ಮಾಡಿದೆ, ಮತ್ತೆ ಅದೇ ರಾಗ. ನನಗೆ ಅಳುವೇ ಬಂತು.

“ಯಾಕವಾ, ಏನಾತು?” ಎಂದರು ಅತ್ತೆ. ಹೇಳಿದೆ. “ಅಯ್ಯ ಹುಚ್ಚಿ! ಮಷೀನಿಗೆ ಎಂಥಾ ನಾಚಿಗಿ? ನಾ ಇಟ್ಟ ಹೆಸರದು, ನಾ ಹೇಳ್ತೀನಿ, ನೀ ಬರಿ” ಎಂದು ನಿಮ್ಮ ಹೆಸರನ್ನು ಬಾಯಿತುಂಬ ಹೇಳಿದರು. ಅವರ ಬಾಯಲ್ಲಿ ಅದನ್ನು ಕೇಳಿ ಎಷ್ಟು ಕಾಲವಾಗಿತ್ತು! ಒಂದೊಂದಾಗಿ ಅಕ್ಷರ ಒತ್ತಿದೆ. ನಿಮ್ಮ ದನಿಗಳೆಲ್ಲ ಸಾಲಾಗಿ ಬಂದು ಫೋಲ್ಡರಿನಲ್ಲಿ ಕೂತವು. ಅಡುಗೆ ಬಿಟ್ಟು ನಾನೇ ಮೊದಲು ಕೇಳಿದೆ. ನಡುವೆ ನೀವು ಕೆಮ್ಮಿದ್ದನ್ನೂ ಎರಡೆರಡು ಸಲ ಕೇಳಿದೆ. ಭಾಳ ನೆನಪಾಗುತ್ತೀರಿ ರೀ.

ಭಾಗ್ಯಾ ನಮಸ್ಕಾರ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ ದಾರಿ ನೋಡುತ್ತಿರುವ,
ಸುಮಂಗಲಾ

ತಾ.ಕ.: ಲೋಕನಾಥರ ರಿಕ್ಷಾ ಕೆಳಗೆ ನಿಂತಿದೆ. ಇದನ್ನು ಬರೆಯಬಾರದೆಂದಿದ್ದೆ, ಆಗಲಿಲ್ಲ. ಅತ್ತೆಯವರಿಗೆ ನಿಮ್ಮ ದನಿ ಕೇಳಿಸಿದೆ. ಕೊನೆಯವರೆಗೂ ಕೇಳಿದರು. ಆಮೇಲೆ, “ಯಾರವಾ ಇಂವಾ? ಪಾಪ, ಅವ್ವಾ ಅವ್ವಾ ಅಂತ ಯಾರನ್ನೋ ಕರಿಯಾಕತ್ತಾನ. ಆಕಿಗೆ ಹೇಳಿ ಕಳಸು” ಎಂದರು. ಫೈಲು ಸಾಕು. ನೀವೇ ಬಂದುಬಿಡಿ.